ಅಪ್‌ಡೇಟ್: ನಮ್ಮ ಸೈಟಿನ ಅತ್ತಿಮರ ಉಳಿಯಿತು

ಬಸವನಗುಡಿಯ ಮನೆ ವಿಸ್ತರಿಸಲು ತಾತನ ಕಾಲದ ಅತ್ತಿಮರ ಕಡಿಯುವುದು ಸರಿಯೇ ಎಂದು ಕೇಳಿದ್ದೆನಲ್ಲ, ಮರ ಉಳಿಯಿತು! ಬುಡಸಮೇತ ಬೇರೆಡೆ ನೆಡುವ ಸಲಹೆ ನಡೆಯಲಿಲ್ಲ. ನಮ್ಮ ಗಲ್ಲಿಗೆ ಕ್ರೇನ್ ಬರುವುದಿಲ್ಲ. ಕೆಲಸಕ್ಕೆ ಬಂದಿದ್ದು 'ಪ್ಲಾನ್ ಬದಲಿಸಿ' ಎಂದವರ ಮಾತು. ಇಂಜಿನಿಯರ್ ಪೋರ್ಟಿಕೋವನ್ನು ಪಕ್ಕಕ್ಕೆ ಸರಿಸಿದರು. ಒಣಕೊಂಬೆ ಮಾತ್ರ ತೆಗೆಸಿದೆವು. ಬುಡದ ಸುತ್ತಲಿನ ಸಿಮೆಂಟ್ ಒಡೆಸಿದಾಗ ಬೇರುಗಳು ಅದರ ತಳಕ್ಕೇ ಒತ್ತಿಕೊಂಡು ಚಪ್ಪಟೆಯಾಗಿದ್ದವು. ನೋಡಿ ಸಂಕಟವಾಯಿತು. ಈಗ ಅಲ್ಲಿ ಬರೀ ಮಣ್ಣು, ತರಗೆಲೆ.

ನನಗೆ ಗೊತ್ತೇ ಇರದ ವಿಷಯ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಸ್ವಂತ ಜಾಗದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅನುಮತಿ ಸಿಕ್ಕರೂ ಕಡಿಯುವುದು ನ್ಯಾಯ ಅಂತಲ್ಲ, ಅಲ್ವಾ? ಜಾಗ ನಮ್ಮದು, ನೆರಳು ಬೀದಿಯವರದ್ದೂ ಹೌದು, ಹಣ್ಣು ಕುಟ್ರುಹಕ್ಕಿಗಳದ್ದು. ಪ್ಲಾನ್ ಹಾಕಿಸುವ ಮೊದಲೇ ಇಂಜಿನಿಯರ್‌ಗೆ ಮರದ ಅಳತೆ ಕೊಡಿ, ಖರ್ಚು ಜಾಸ್ತಿ ಆಗುವುದಿಲ್ಲ.