ಶಿಯರ್ ಜಾಯಿಂಟ್‌ಗೆ ಎಳೆತವೂ ಬಂದರೆ ನಾಲ್ಕು ಬೋಲ್ಟ್ ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ಪುಣೆ ಹತ್ತಿರ ಚಾಕಣದಲ್ಲಿ ಒಂದು ಫ್ಯಾಕ್ಟರಿ ಶೆಡ್ ಡಿಸೈನ್ ಮಾಡುತ್ತಿದ್ದೇನೆ. ಬ್ರೇಸಿಂಗ್ (ಗಾಳಿಗೆ ಶೆಡ್ ಓಲಾಡದಂತೆ ಹಿಡಿಯುವ ಕಟ್ಟು) ಸಾಲಿನಲ್ಲಿ ಐಎಸ್‌ಎಂಬಿ 400 ಬೀಮ್, ಅಂದರೆ 400 ಮಿಮೀ ಎತ್ತರದ ಐ ಆಕಾರದ ಉಕ್ಕಿನ ತೊಲೆ. ಶಿಯರ್ (ಲಂಬವಾಗಿ ಕತ್ತರಿಸುವಂತೆ ಬರುವ ಬಲ) 120 ಕಿಲೋನ್ಯೂಟನ್, ಗಾಳಿಯಿಂದ ಉದ್ದಕ್ಕೆ ಎಳೆತ 80. ಕಾಲಮ್‌ಗೆ ವೆಲ್ಡ್ ಮಾಡಿ ಬೀಮಿಗೆ ಬೋಲ್ಟ್ ಹಾಕುವ 10 ಮಿಮೀ ಫಿನ್ ಪ್ಲೇಟ್, 8.8 ಗ್ರೇಡಿನ (ಹೆಚ್ಚು ಗಟ್ಟಿಯ) ನಾಲ್ಕು ಎಂ20 (20 ಮಿಮೀ) ಬೋಲ್ಟ್ ಒಂದೇ ಲಂಬ ಸಾಲಿನಲ್ಲಿ, ಪಿಚ್ (ಬೋಲ್ಟುಗಳ ನಡುವಿನ ಅಂತರ) 70 ಮಿಮೀ. ಎರಡೂ ಬಲ ಲಂಬಕೋನದಲ್ಲಿರುವುದರಿಂದ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 144, ಬೋಲ್ಟಿಗೆ 36 ಬರುತ್ತದೆ. ಸಾಕಲ್ವಾ?

ಉತ್ತರ: 36 ಅನ್ನುವ ಲೆಕ್ಕ ಅರ್ಧ ಮಾತ್ರ. ವೆಲ್ಡಿನಿಂದ ಬೋಲ್ಟ್ ಸಾಲಿಗೆ 60 ಮಿಮೀ ದೂರ ಅಂದುಕೊಳ್ಳೋಣ. 120 ಶಿಯರ್ ಅಲ್ಲಿ 7.2 ಕಿಲೋನ್ಯೂಟನ್ ಮೀಟರ್ ಮೊಮೆಂಟ್ (ತಿರುಗಿಸುವ ಪರಿಣಾಮ) ಹುಟ್ಟಿಸುತ್ತದೆ. ಅದರಿಂದ ತುದಿಯ ಬೋಲ್ಟಿಗೆ ಅಡ್ಡಲಾಗಿ ಸುಮಾರು 31 ಬರುತ್ತದೆ. ನಿಮ್ಮ ಎಳೆತದ ಪಾಲು 20 ಕೂಡ ಅಡ್ಡ ಬಲವೇ. ಮೇಲಿನ ಅಥವಾ ಕೆಳಗಿನ ಒಂದು ತುದಿಯಲ್ಲಿ ಎರಡೂ ನೇರವಾಗಿ ಕೂಡುತ್ತವೆ, 51. ಲಂಬವಾಗಿ 30. ಇವೆರಡನ್ನೂ ನಿಮ್ಮ ಹಾಗೇ ಸೇರಿಸಿದರೆ ಒಟ್ಟು 59. ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 800:2007 ಪ್ರಕಾರ ಥ್ರೆಡ್ ಶಿಯರ್ ಪ್ಲೇನಿನಲ್ಲಿದ್ದರೂ (ಬೋಲ್ಟ್ ಕತ್ತರಿಸಬಹುದಾದ ಜಾಗದಲ್ಲಿದ್ದರೂ) ಈ ಬೋಲ್ಟ್ 90 ತಡೆಯುತ್ತದೆ. ಬೀಮಿನ ತುದಿಯಿಂದ ತೂತಿಗೆ 40 ಮಿಮೀ ಬಿಟ್ಟರೆ ವೆಬ್‌ನ ಬೇರಿಂಗೂ ಸಾಕು (ವೆಬ್ ಅಂದರೆ ನಡುವಿನ ತೆಳು ತಗಡು, ಬೇರಿಂಗ್ ಅಂದರೆ ತೂತಿನ ಅಂಚು ಬೋಲ್ಟಿನ ಒತ್ತಡ ತಡೆಯುವ ಶಕ್ತಿ). ಬ್ಲಾಕ್ ಶಿಯರ್ (ತೂತುಗಳ ಸುತ್ತಲಿನ ಲೋಹ ಒಂದು ತುಂಡಾಗಿ ಹರಿದು ಬರುವುದು) ಮಾತ್ರ ಎಳೆತದ ದಿಕ್ಕಿಗೂ ನೋಡಿ. ಸುಮ್ನೆ ಲಂಬಕ್ಕೆ ನೋಡಿ ಬಿಟ್ಟುಬಿಡುವವರು ಜಾಸ್ತಿ.

ಇನ್ನೊಂದು ಮಾತು, 120 ಮತ್ತು 80 ಒಂದೇ ಲೋಡ್ ಕಾಂಬಿನೇಷನ್‌ನವಾ, ಅಂದರೆ ಒಟ್ಟಿಗೇ ಬರುವ ಭಾರಗಳವಾ? ಎನ್ವಲಪ್‌ನಿಂದ (ಎಲ್ಲ ಕಾಂಬಿನೇಷನ್‌ಗಳ ಗರಿಷ್ಠಗಳ ಪಟ್ಟಿಯಿಂದ) ಬೇರೆ ಬೇರೆ ಎತ್ತಿಕೊಂಡಿದ್ದರೆ ಸುಮ್ಮನೆ ಪ್ಲೇಟ್ ದಪ್ಪ ಆಗುತ್ತದೆ.

ನನಗೆ ಚಿಂತೆ ಬೋಲ್ಟಿನದಲ್ಲ. ಪ್ಲೇಟ್ ಕಾಲಮ್‌ನ ಫ್ಲ್ಯಾಂಜಿಗಾ (ಅಂಚಿನ ದಪ್ಪ ಪಟ್ಟಿಗಾ), ವೆಬ್ಬಿಗಾ?

ಪ್ರಶ್ನೆ: ವೆಬ್ಬಿಗೆ ಸರ್.

ಉತ್ತರ: ಹಾಗಾದರೆ ಅಲ್ಲೇ ನಿಲ್ಲಿ. ಬರೀ ಶಿಯರ್ ಇದ್ದಾಗ ಆ ವೆಬ್ ಹೇಗೋ ನಿಭಾಯಿಸುತ್ತದೆ. 80 ಕಿಲೋನ್ಯೂಟನ್ ಹೊರಕ್ಕೆ ಎಳೆದರೆ ಡಬ್ಬದ ತಗಡಿನ ಹಾಗೆ ಉಬ್ಬುತ್ತದೆ. ಪ್ಲೇಟಿನ ಮೇಲೆ, ಕೆಳಗೆ ಅಡ್ಡ ಸ್ಟಿಫ್ನರ್ (ಬಲಪಡಿಸುವ ತಗಡು) ಕೊಟ್ಟು, ಅವನ್ನು ಕಾಲಮ್‌ನ ಎರಡೂ ಫ್ಲ್ಯಾಂಜಿಗೆ ವೆಲ್ಡ್ ಮಾಡಿ. ಆಗ ಎಳೆತಕ್ಕೆ ಫ್ಲ್ಯಾಂಜ್ ತಲುಪುವ ದಾರಿ ಸಿಗುತ್ತದೆ.

ಬೀಮ್ ಕೂರಿಸಲು ಅನುಕೂಲ ಅಂತ ಬೋಲ್ಟ್ ಸಾಲನ್ನು ಫ್ಲ್ಯಾಂಜಿನ ಹೊರಕ್ಕೆ ತಂದರೆ 60 ಮಿಮೀ ಹೋಗಿ 170 ಆಗಬಹುದು. ವೆಬ್‌ನಿಂದಲೇ ಅಳೆದು ಲೆಕ್ಕ ಹಾಕಿ: ತುದಿಯ ಬೋಲ್ಟಿಗೆ 111 ಬರುತ್ತದೆ, 90 ದಾಟಿತು. ಆಗ ಎರಡು ಸಾಲು ಬೋಲ್ಟ್ ಬೇಕು. ಗಾಳಿ ತಿರುಗಿದಾಗ ಅದೇ 80 ಒತ್ತಡವಾಗುತ್ತದೆ, ಉದ್ದದ ಪ್ಲೇಟ್ ಬಕಲ್ ಆಗುತ್ತದಾ (ಒತ್ತಡಕ್ಕೆ ಪಕ್ಕಕ್ಕೆ ಬಾಗುತ್ತದಾ) ಅಂತಲೂ ನೋಡಲೇಬೇಕು.

ಪ್ರಶ್ನೆ: ಫ್ಯಾಬ್ರಿಕೇಟರ್ ದುಂಡು ತೂತಿನ ಬದಲು ಅಡ್ಡಕ್ಕೆ ಉದ್ದ ಸ್ಲಾಟ್ ಕೇಳುತ್ತಿದ್ದಾರೆ ಸರ್, ಜೋಡಿಸೋದು ಸುಲಭ ಅಂತ.

ಉತ್ತರ: ಈ ಸಾಲಿಗೆ ಬೇಡ. ಸ್ಲಾಟ್ ಇರುವ ದಿಕ್ಕಿನಲ್ಲೇ ನಿಮ್ಮ ಬಲ ಇದೆ, ಬೋಲ್ಟ್ ಜಾರುತ್ತದೆ, ಬ್ರೇಸಿಂಗ್ ಸಡಿಲವಾಗುತ್ತದೆ. 22 ಮಿಮೀ ತೂತೇ ಇರಲಿ. ಡ್ರಾಯಿಂಗ್‌ನಲ್ಲಿ ಈ ಜಾಯಿಂಟ್ ಪಕ್ಕ ಶಿಯರ್ 120, ಅಕ್ಷೀಯ (ಬೀಮಿನ ಉದ್ದಕ್ಕೆ) ಪ್ಲಸ್ ಮೈನಸ್ 80 ಅಂತ ಎರಡನ್ನೂ ಬರೆಯಿರಿ. ಇಲ್ಲದಿದ್ದರೆ ಡೀಟೇಲರ್ ಬರೀ ಶಿಯರ್ ನೋಡಿ ಟೇಬಲ್‌ನಿಂದ ಪ್ಲೇಟ್ ಆರಿಸಿಬಿಡುತ್ತಾರೆ.