ಪಶ್ಚಿಮದ ಗಾಜಿನ ಗೋಡೆ: ಬೆಳಕನ್ನು ಕಳೆದುಕೊಳ್ಳದೆ ಸೆಕೆಯನ್ನು ತಗ್ಗಿಸುವುದು ಹೇಗೆ?

ಪ್ರಶ್ನೆ

ನಾಲ್ಕು ಅಂತಸ್ತಿನ ಕಚೇರಿ ಕಟ್ಟಡವೊಂದರ ನವೀಕರಣದ ವಿನ್ಯಾಸದಲ್ಲಿ ತೊಡಗಿದ್ದೇನೆ. ಅದರ ಪಶ್ಚಿಮದ ಗೋಡೆ ನೆಲದಿಂದ ಚಾವಣಿಯವರೆಗೂ ಗಾಜಿನದು. ಮಧ್ಯಾಹ್ನದ ನಂತರ ಕಿಟಕಿಯ ಬಳಿ ಕುಳಿತವರು ಸೆಕೆ ತಾಳಲಾರದೆ ಪರದೆ ಎಳೆಯುತ್ತಾರೆ, ಎಳೆದ ಮೇಲೆ ದೀಪ ಹಾಕಿಕೊಳ್ಳುತ್ತಾರೆ. ಅವರಿಗಾಗಿ ಎಸಿಯ ತಾಪಮಾನವನ್ನು ಇಳಿಸಿದರೆ ಒಳಭಾಗದವರು ಚಳಿಯೆಂದು ದೂರುತ್ತಾರೆ. ಕಡು ಬಣ್ಣದ ಗಾಜು ಹಾಕಿಸಬೇಕೆಂಬುದು ಮಾಲೀಕರ ಇಚ್ಛೆ. ಉಷ್ಣಮಾಪಕ 24 ಡಿಗ್ರಿ ತೋರಿಸುವಾಗಲೂ ಸೆಕೆಯೆನಿಸುವುದೇಕೆ? ಗಾಜು ಬದಲಿಸಿದರೆ ಅದು ನಿವಾರಣೆಯಾದೀತೇ?

ಪ್ರತಿಕ್ರಿಯೆ 1

ಉಷ್ಣಮಾಪಕ ಹೇಳುವುದು ಗಾಳಿಯ ತಾಪವನ್ನು ಮಾತ್ರ. ಡೆನ್ಮಾರ್ಕ್‌ನ ವಿಜ್ಞಾನಿ ಫಾಂಗರ್ 1970ರಲ್ಲಿ ವಿವರಿಸಿದ ಮಾದರಿಯ ಪ್ರಕಾರ ದೇಹದ ಹಿತವು ಗಾಳಿಯ ತಾಪ, ಸುತ್ತಲಿನಿಂದ ಮೈಗೆ ತಾಗುವ ವಿಕಿರಣ (ಸೂಸಿ ಬರುವ ಶಾಖ), ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ ಮತ್ತು ಮಾಡುವ ಕೆಲಸ ಎಂಬ ಆರು ಸಂಗತಿಗಳನ್ನು ಅವಲಂಬಿಸಿದೆ. ನಿಮ್ಮಲ್ಲಿ ಕಾಡುತ್ತಿರುವುದು ಎರಡನೆಯದು: ಮೈಮೇಲೆ ನೇರವಾಗಿ ಬೀಳುವ ಬಿಸಿಲು ಮತ್ತು ಕಾದ ಗಾಜು. ಎಸಿ ಗಾಳಿಯನ್ನು ಎಷ್ಟು ತಣಿಸಿದರೂ ಅದು ಈ ವಿಕಿರಣವನ್ನು ತಡೆಯಲಾರದು.

ಕಡು ಗಾಜು ಬಿಸಿಲನ್ನು ಹೀರಿ ತಾನೇ ಕಾಯುತ್ತದೆ, ಪಕ್ಕದಲ್ಲಿ ಕುಳಿತವರತ್ತ ಶಾಖ ಸೂಸುತ್ತದೆ. ಮೋಡ ಕವಿದ ದಿನಗಳಲ್ಲಂತೂ ಬೇಕಾದ ಬೆಳಕನ್ನೂ ನುಂಗಿಹಾಕುತ್ತದೆ. ಗಾಜನ್ನು ಬದಲಿಸಲೇಬೇಕಾದರೆ ಬಣ್ಣವನ್ನು ನೋಡಬೇಡಿ, ಎರಡು ಅಂಕಿಗಳನ್ನು ಕೇಳಿ: ಬೆಳಕಿನಲ್ಲಿ ಎಷ್ಟು ಪಾಲು ಒಳಬರುತ್ತದೆ, ಸೌರಶಾಖದಲ್ಲಿ ಎಷ್ಟು ಪಾಲು. ಮೊದಲನೆಯದು ಹೆಚ್ಚಾಗಿ ಎರಡನೆಯದು ಕಡಿಮೆಯಿರುವ, ತೆಳುಲೇಪನದ ಜೋಡಿ ಗಾಜುಗಳು ದೊರೆಯುತ್ತವೆ.

ಪ್ರತಿಕ್ರಿಯೆ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಗಾಜಿಗಿಂತ ಮೊದಲು ನೆರಳಿಗೆ ಹಣ ತೆಗೆದಿಡಿ. ಒಳಗಿನ ಪರದೆಗೆ ತಾಗುವ ಬಿಸಿಲು ಆಗಲೇ ಗಾಜನ್ನು ದಾಟಿ ಬಂದಿರುವುದರಿಂದ ಅದರ ಶಾಖದ ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ. ತಡೆ ಹೊರಗಿರಬೇಕು. ಪಶ್ಚಿಮದ ಇಳಿಬಿಸಿಲು ಓರೆಯಾಗಿ ಬರುವುದರಿಂದ ಅಡ್ಡ ಸಜ್ಜಾ ಅಲ್ಲಿ ಸಾಲದು, ಲಂಬ ಫಲಕಗಳು ಅಥವಾ ತಿರುಗಿಸಬಹುದಾದ ಹೊರ ಲೂವರ್‌ಗಳು (ಸಾಲಾಗಿ ಜೋಡಿಸಿದ ಪಟ್ಟಿಗಳು) ಬೇಕು. ಮೇಜಿನ ಮಟ್ಟಕ್ಕಿಂತ, ಅಂದರೆ ಸುಮಾರು 75 ಸೆಂ.ಮೀ.ಗಿಂತ ಕೆಳಗಿರುವ ಗಾಜು ಮೇಜಿಗೆ ಬೆಳಕನ್ನು ಕೊಡುವುದು ತೀರಾ ಕಡಿಮೆ, ಕೊಡುವುದೆಲ್ಲ ಶಾಖವೇ. ಅದನ್ನು ಉಷ್ಣನಿರೋಧಕ ಗೋಡೆಯಾಗಿಸಿ.

ಪ್ರಶ್ನೆ ಕೇಳಿದವರು

ಕೆಳಗಿನ ಗಾಜನ್ನು ಮುಚ್ಚಿ ಹೊರಗೆ ಫಲಕ ಹಾಕಿದರೆ ಒಳಭಾಗ ಇನ್ನಷ್ಟು ಕತ್ತಲಾಗುವುದಿಲ್ಲವೇ?

ಪ್ರತಿಕ್ರಿಯೆ 3

ಬೆಳಕು ಎಷ್ಟು ದೂರ ಹೋಗುತ್ತದೆಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಗಾಜಿನ ಮೇಲಂಚಿನ ಎತ್ತರ. ಸ್ಥೂಲ ಲೆಕ್ಕದಲ್ಲಿ ಆ ಎತ್ತರದ ಒಂದೂವರೆಯಿಂದ ಎರಡು ಪಟ್ಟು ದೂರದವರೆಗೆ ಉಪಯುಕ್ತ ಬೆಳಕು ಸಿಗುತ್ತದೆ. 3 ಮೀಟರ್ ಎತ್ತರವಿದ್ದರೆ ನಾಲ್ಕೂವರೆಯಿಂದ ಆರು ಮೀಟರ್. ಅದರಾಚೆಗೆ ಗಾಜು ಹೆಚ್ಚಿಸಿ ಫಲವಿಲ್ಲ, ದೀಪವೇ ಗತಿ. ಆದ್ದರಿಂದ ಕಿಟಕಿಯನ್ನು ಎರಡು ಭಾಗ ಮಾಡಿ: ಕಣ್ಣಿನ ಮಟ್ಟದ ಭಾಗಕ್ಕೆ ಪರದೆ ಇರಲಿ, ಮೇಲಿನ ಭಾಗದಿಂದ ಬರುವ ಬೆಳಕು ಬಿಳಿ ಚಾವಣಿಗೆ ತಾಗಿ ಒಳಗೆ ಹರಡಲಿ. ಕಿಟಕಿಯ ಬಳಿಯವರು ಕೆಳಭಾಗದ ಪರದೆ ಎಳೆದರೂ ಆಗ ಕೋಣೆ ಕತ್ತಲಾಗದು. ಕಿಟಕಿಯ ಸಾಲಿನ ದೀಪಗಳಿಗೆ ಬೆಳಕಿನ ಸಂವೇದಕವಿರುವ ಪ್ರತ್ಯೇಕ ಸರ್ಕ್ಯೂಟ್ ಮಾಡಿಸಿ. ಅದಿಲ್ಲದೆ ಹೊರಗೆ ಎಷ್ಟೇ ಬೆಳಕಿದ್ದರೂ ಯಾರೂ ಎದ್ದು ಹೋಗಿ ದೀಪ ಆರಿಸುವುದಿಲ್ಲ.