ಪದಚರ್ಚೆ: ಚೀನಾ ಭಾಗಗಳಿಂದ ಕಟ್ಟುವ ಸೈಕಲ್ಲಿಗೆ ಬೋರ್ಡಿನಲ್ಲಿ ಏನು ಬರೆಯಲಿ? (ನಾಳೆ ಸಂಜೆಯೊಳಗೆ ಬೇಕು)

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ನಾನೂ ನನ್ನ ತಮ್ಮನೂ ಸೇರಿ ಸಣ್ಣ ಸೈಕಲ್ ಅಂಗಡಿ ತೆರೆಯುತ್ತಿದ್ದೇವೆ. ಬೋರ್ಡ್ ಬರೆಯುವವರಿಗೆ ನಾಳೆ ಸಂಜೆ ಸಾಲುಗಳನ್ನು ಕೊಡಬೇಕು. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ, ಗೊತ್ತೇ ಇದೆ. ಆದರೆ ಇಂಗ್ಲಿಷ್ ಸಾಲನ್ನೇ ಕನ್ನಡ ಅಕ್ಷರದಲ್ಲಿ ಬರೆಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ನಾವು ಗಿರಾಕಿಯ ಅಳತೆಗೆ, ಜೇಬಿಗೆ ತಕ್ಕಂತೆ ಸೈಕಲ್ ಮಾಡಿಕೊಡುತ್ತೇವೆ. ಡಾಂಬರು ರಸ್ತೆಗೆ ರೋಡ್ ಬೈಕು, ಮಣ್ಣು ಕಲ್ಲಿನ ದಾರಿಗೆ ಗ್ರಾವೆಲ್ ಬೈಕು. ಜಪಾನಿನ ಶಿಮಾನೊ ಕಂಪನಿಯ 105 ಗೇರ್ ಸೆಟ್ಟಿನ ಬೆಲೆ ಎಲ್ಲರಿಗೂ ಎಟುಕುವುದಿಲ್ಲ. ಅಂಥವರಿಗೆ ಎಲ್‌ಟೂ ಅಥವಾ ಸೆನ್ಸಾ ಎಂಬ ಚೀನಾ ಕಂಪನಿಗಳ ಗೇರು ಹಾಕುತ್ತೇವೆ. ಕಾರ್ಬನ್ ಫ್ರೇಮು ಚೀನಾದ ಶಿಯಾಮೆನ್ ಕಡೆಯದು.

ನನಗೆ ಬೇಕಾದ ಪದಗಳು: ಈ ಎರಡು ಬಗೆಯ ಸೈಕಲ್ಲಿಗೆ ಹೆಸರು. ಕಸ್ಟಮ್ ಬಿಲ್ಡ್ ಅನ್ನುವುದಕ್ಕೆ ಒಂದು ಮಾತು. ಬೋರ್ಡಿನ ಜೊತೆ ಗಿರಾಕಿಗಳಿಗೆ ಕೊಡುವ ಚೀಟಿಯೂ ಇದೆ, ಅದಕ್ಕೆ ಥ್ರೂ ಆಕ್ಸಲ್ (ಗಾಲಿಯನ್ನು ಫ್ರೇಮಿಗೆ ಹಿಡಿಸುವ ದಂಡ) ಮತ್ತು ಓಪನ್ ಮೋಲ್ಡ್ (ಫ್ರೇಮಿನ ಅಚ್ಚಿನ ಒಂದು ಬಗೆ) ಎಂಬುದಕ್ಕೆ ಪದ ಬೇಕು. ಎಲ್ಲಕ್ಕಿಂತ ಕಷ್ಟದ್ದು ಕೊನೆಯದು. ಭಾಗಗಳು ಚೀನಾದವು ಎಂದು ಮುಚ್ಚಿಡದೆ ಹೇಳಬೇಕು, ಆದರೆ ಓದಿದವರು ಕಳಪೆ ಮಾಲು ಅಂದುಕೊಳ್ಳಬಾರದು.

ಉತ್ತರ, ಮೈಸೂರಿನಿಂದ

ಮೇಡಂ, ಬೈಕ್ ಎಂದು ಬರೆಸಬೇಡಿ. ಕನ್ನಡದಲ್ಲಿ ಬೈಕ್ ಎಂದರೆ ಮೋಟರ್ ಸೈಕಲ್. ಆಯಿಲ್ ಬದಲಾಯಿಸಿ ಎಂದು ಜನ ಬರುತ್ತಾರೆ. ರಸ್ತೆ ಸೈಕಲ್ ಕೂಡ ಬೇಡ. ರಸ್ತೆಯಲ್ಲಿ ಓಡದ ಸೈಕಲ್ ಯಾವುದಿದೆ?

ಉತ್ತರ, ಶಿವಮೊಗ್ಗದಿಂದ

ಸೈಕಲ್ ಎಂಬುದೇ ಇಂಗ್ಲಿಷ್. ತುಳಿಬಂಡಿ ಎನ್ನಿ. ರೋಡ್ ಬೈಕಿಗೆ ಓಟದ ತುಳಿಬಂಡಿ, ಗ್ರಾವೆಲ್ಲಿಗೆ ಜಲ್ಲಿ ತುಳಿಬಂಡಿ. ಆಕ್ಸಲ್ಲಿಗೆ ಅಚ್ಚು ಇದೆ, ಎತ್ತಿನ ಗಾಡಿಯ ಕಾಲದಿಂದ ಇದೆ. ಥ್ರೂ ಆಕ್ಸಲ್ ಎಂದರೆ ತೂರಚ್ಚು. ಫ್ರೇಮಿಗೆ ಚೌಕಟ್ಟು ಎನ್ನುವವರು ಬರಬಹುದು, ಒಪ್ಪಬೇಡಿ. ಅದರ ಚೌ ಸಂಸ್ಕೃತ ಮೂಲದ್ದು, ನಮ್ಮದಲ್ಲ. ಚೀನೀಯರು ಸೈಕಲ್ಲಿಗೆ ‘ತಾನೇ ನಡೆಯುವ ಬಂಡಿ’ ಎಂಬ ಅರ್ಥದ ತಮ್ಮದೇ ಪದ ಮಾಡಿಕೊಂಡಿದ್ದಾರೆ. ಅವರ ಭಾಗ ತರಿಸುವವರು ಅವರಿಂದ ಇದನ್ನೂ ಕಲಿಯಬೇಕು.

ಉತ್ತರ, ವಿಜಯಪುರದಿಂದ

ಅಕ್ಕಾರೇ, ಹೊಸ ಪದ ಯಾಕೆ ಬೇಕು? ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಓಟ ಎಷ್ಟೋ ಕಾಲದಿಂದ ಇದೆ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಬಾಗಿದ್ದರೆ ಅದು ರೇಸ್ ಸೈಕಲ್. ಕೂಲಿ ಮಾಡುವ ಅಪ್ಪನೂ ಮಗನಿಗೆ ರೇಸ್ ಸೈಕಲ್ ಕೊಡಿಸಬೇಕು ಅನ್ನುತ್ತಾನೆ. ಬೆಲೆ ಕೇಳಿ ಸುಮ್ಮನಾಗುತ್ತಾನೆ, ಆ ಮಾತು ಬೇರೆ. ಅದಕ್ಕೇ ನಿಮ್ಮ ಕೆಲಸ ನನಗೆ ಖುಷಿ ಕೊಟ್ಟಿತು.

ಜಲ್ಲಿ ಸೈಕಲ್ ಮಾತ್ರ ಬೇಡ. ಜಲ್ಲಿ ಎಂದರೆ ಕ್ರಷರಿನಿಂದ ಬರುವ ಒಡೆದ ಕಲ್ಲು. ನಮ್ಮಲ್ಲಿ ಅದಕ್ಕೆ ಕಡಿ ಅನ್ನುತ್ತೇವೆ. ಹೊಸದಾಗಿ ಕಡಿ ಹಾಸಿದ ರಸ್ತೆಯಲ್ಲಿ 40 ಮಿಲಿಮೀಟರ್ ಅಗಲದ ಟೈರೂ ಒದ್ದಾಡುತ್ತದೆ. ನೀವು ಹೇಳುವ ದಾರಿ ಗರಸಿನದು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣಿನದು. ಗರಸು ಸೈಕಲ್ ಎನ್ನಿ.

ಉತ್ತರ, ಮೈಸೂರಿನಿಂದ

ಗರಸು ಬೆಂಗಳೂರಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಮುಂದಿನದು.

ಉತ್ತರ, ವಿಜಯಪುರದಿಂದ

ತಿಳಿಯದಿದ್ದರೆ ತಿಳಿದುಕೊಳ್ಳಲಿ. ಗ್ರಾವೆಲ್ ಮಾತ್ರ ಹುಟ್ಟುತ್ತಲೇ ತಿಳಿದಿತ್ತೇ?

ಪ್ರಶ್ನೆ ಕೇಳಿದವರು

ಜಗಳ ಬೇಡ. ರೇಸ್ ಸೈಕಲ್ ನನಗೆ ತುಂಬಾ ಹಿಡಿಸಿತು. ನಮ್ಮ ತಂದೆಯೂ ಹಾಗೇ ಹೇಳುತ್ತಿದ್ದರು.

ಗ್ರಾವೆಲ್ ಬಗ್ಗೆ ಒಂದು ಮಾತು. ಆ ಹೆಸರು ಬಂದದ್ದು ಅಮೆರಿಕದ ಹಳ್ಳಿ ರಸ್ತೆಗಳಿಂದ. ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಓಟ ಅದನ್ನು ಜನಪ್ರಿಯ ಮಾಡಿತು. ಅಲ್ಲಿ ಮೈಲಿಗಟ್ಟಲೆ ಕಲ್ಲುಪುಡಿ ಹಾಸಿದ ರಸ್ತೆ. ನಮ್ಮ ಗಿರಾಕಿ ಓಡಿಸುವುದು ಕೆರೆ ಏರಿ, ಮಂಡ್ಯದ ನಾಲೆ ಏರಿ, ಕಾಫಿ ತೋಟದ ಒಳದಾರಿ. ಹಾಗಾಗಿ ಗ್ರಾವೆಲ್ ಎಂಬ ಕಲ್ಲಿಗೆ ಸಮನಾದ ಕಲ್ಲನ್ನು ಹುಡುಕುವುದೇ ಬೇಡ ಅನ್ನಿಸುತ್ತದೆ. ‘ಮಣ್ಣುದಾರಿ ಸೈಕಲ್’ ಹೇಗೆ?

ಉತ್ತರ, ಧಾರವಾಡದಿಂದ

ಮಣ್ಣುದಾರಿ ಸರಿ ಇದೆ. ಆದರೆ ಎಲ್ಲರೂ ಅಚ್ಚನ್ನು ದಾಟಿ ಹೋಗುತ್ತಿದ್ದೀರಿ. ಅಲ್ಲೇ ನಿಲ್ಲಬೇಕು.

ಅಚ್ಚು ಎಂದರೆ ಗಾಡಿಯ ಗಾಲಿ ತಿರುಗುವ ದಂಡ. ಅಚ್ಚು ಎಂದರೆ ಎರಕದ ಅಚ್ಚೂ ಹೌದು. ಮೊದಲನೆಯದನ್ನು ಸಂಸ್ಕೃತದ ಅಕ್ಷದ ತದ್ಭವ ಎನ್ನುವವರಿದ್ದಾರೆ. ಲಕ್ಷ್ಮಿ ಲಚ್ಚಿಯಾದ ದಾರಿಯಲ್ಲೇ ಅಕ್ಷ ಅಚ್ಚಾಗಲು ಅಡ್ಡಿಯಿಲ್ಲ. ಹಾಗಿದ್ದರೆ ಶಿವಮೊಗ್ಗದವರ ‘ನಮ್ಮದೇ ಪದ’ ಎಲ್ಲಿ ಉಳಿಯಿತು? ಇನ್ನು ಈ ಮೇಡಂ ಚೀಟಿಯಲ್ಲಿ ಥ್ರೂ ಆಕ್ಸಲ್ಲಿಗೂ ಅಚ್ಚು, ಓಪನ್ ಮೋಲ್ಡಿಗೂ ಅಚ್ಚು ಎಂದು ಬರೆದರೆ ಓದುವವನ ಗತಿ ಏನು? ‘ಅಚ್ಚು ಸರಿಯಾಗಿ ಕೂತಿದೆಯೇ ನೋಡಿ’ ಎಂದರೆ ಅವನು ಯಾವುದನ್ನು ನೋಡಬೇಕು?

ತೂರಚ್ಚು ನಿಲ್ಲುವುದಿಲ್ಲ. ತೂರು ಎಂದರೆ ಭತ್ತ ತೂರುವುದು, ಕಲ್ಲು ತೂರುವುದು.

ಉತ್ತರ, ಶಿವಮೊಗ್ಗದಿಂದ

ಸೂಜಿಗೆ ದಾರ ತೂರಿಸುವುದಿಲ್ಲವೇ? ಸಂದಿಯಲ್ಲಿ ತೂರಿಕೊಂಡು ಹೋಗುವುದಿಲ್ಲವೇ? ತೂರಚ್ಚು ಬೇಡವಾದರೆ ಕಡಾಣಿ ಇಟ್ಟುಕೊಳ್ಳಿ. ಅಪ್ಪಟ ಗಾಡಿ ಪದ. ಅದಕ್ಕೂ ಸಂಸ್ಕೃತದ ಬಾಲ ಅಂಟಿಸಬೇಡಿ.

ಪ್ರಶ್ನೆ ಕೇಳಿದವರು

ಸಾರ್, ಕಡಾಣಿ ಒಳ್ಳೆಯ ಪದ, ಆದರೆ ಇಲ್ಲಿ ಹೊಂದುವುದಿಲ್ಲ. ಕಡಾಣಿ ಅಚ್ಚಿನ ತುದಿಯಲ್ಲಿ ಕೂತು ಗಾಲಿ ಜಾರದಂತೆ ತಡೆಯುತ್ತದೆ. ಥ್ರೂ ಆಕ್ಸಲ್ ಹಬ್ಬಿನ (ಗಾಲಿಯ ನಡುಭಾಗದ) ಒಳಗೆ ಈ ಕಡೆಯಿಂದ ಆ ಕಡೆಗೆ ಹಾದು ಫ್ರೇಮಿಗೇ ತಿರುಗಿ ಕೂರುತ್ತದೆ. ಈಗಿನ ರೋಡ್, ಗ್ರಾವೆಲ್ ಎರಡರಲ್ಲೂ ಸಾಮಾನ್ಯವಾಗಿ 12 ಮಿಲಿಮೀಟರ್ ದಪ್ಪ. ಹಬ್ಬಿನ ಅಗಲ ಮುಂದೆ 100, ಹಿಂದೆ 142. ಹಳೆಯ ಬಗೆಯ ಕ್ವಿಕ್ ರಿಲೀಸ್ (ಕೈಯಲ್ಲೇ ಬೇಗ ಗಾಲಿ ಬಿಚ್ಚುವ ಹಿಡಿ) ಬೇರೆ. ಅದರಲ್ಲಿ ಟೊಳ್ಳು ಆಕ್ಸಲ್ಲಿನೊಳಗೆ ಸಣ್ಣ ಕಂಬಿ ಹೋಗುತ್ತದೆ.

ನಾನು ಇಷ್ಟು ಹಠ ಹಿಡಿಯಲು ಕಾರಣ ಇದೆ. ಅಗ್ಗದ ಫ್ರೇಮಿನಲ್ಲಿ ಜನ ಸಿಕ್ಕಿಬೀಳುವುದು ಇಲ್ಲೇ. ದಪ್ಪ ಒಂದೇ, ಉದ್ದವೂ ಒಂದೇ, ಆದರೆ ಥ್ರೆಡ್ಡಿನ (ತಿರುಪಿನ ಸುತ್ತುಗಳ) ಅಂತರ 1.0 ಮಿಲಿಮೀಟರ್ ಇರಬಹುದು, 1.5 ಇರಬಹುದು, 1.75 ಇರಬಹುದು. ಬೇರೆ ಫ್ರೇಮಿನದನ್ನು ತಂದು ಬಲವಂತವಾಗಿ ತಿರುಗಿಸಿದರೆ ಫ್ರೇಮಿನ ಥ್ರೆಡ್ ಹೋಗುತ್ತದೆ. ಚೀಟಿ ಓದಿದವನಿಗೆ ಯಾವ ಭಾಗ ಎಂಬುದರಲ್ಲಿ ಒಂದಿಷ್ಟೂ ಅನುಮಾನ ಇರಬಾರದು. ಅದಕ್ಕೆ ‘ಥ್ರೂ ಆಕ್ಸಲ್’ ಎಂದೇ ಬಿಡುತ್ತೇನೆ. ಅಂಗಡಿಯಲ್ಲಿ ಕೇಳುವಾಗ ಅವರು ಹೇಳಬೇಕಾದ್ದೂ ಅದೇ.

ಉತ್ತರ, ಮಂಡ್ಯದಿಂದ

ಅಚ್ಚನ್ನು ಹಾಗಿದ್ದರೆ ಮೋಲ್ಡಿಗೆ ಉಳಿಸಿಕೊಳ್ಳಿ. ಆದರೆ ‘ತೆರೆದ ಅಚ್ಚು’ ಎಂದು ಮಾತ್ರ ಬರೆಯಬೇಡಿ. ಮುಚ್ಚಳ ತೆಗೆದಿಟ್ಟಂತೆ ಕೇಳುತ್ತದೆ. ಓಪನ್ ಮೋಲ್ಡ್ ಎಂದರೆ ಏನು ಹೇಳಿ, ಪದ ತಾನಾಗಿ ಬರುತ್ತದೆ.

ಪ್ರಶ್ನೆ ಕೇಳಿದವರು

ಫ್ರೇಮಿನ ಅಚ್ಚನ್ನು ಕಾರ್ಖಾನೆಯೇ ಮಾಡಿಸಿ ಇಟ್ಟುಕೊಂಡಿರುತ್ತದೆ. ಯಾರು ಬೇಕಾದರೂ ಅದರಲ್ಲಿ ತೆಗೆದ ಫ್ರೇಮು ಕೊಂಡು ತಮ್ಮ ಹೆಸರು ಹಾಕಿಕೊಳ್ಳಬಹುದು. ಅದಕ್ಕೇ ಒಂದೇ ಫ್ರೇಮು ಬೇರೆ ಬೇರೆ ಹೆಸರಲ್ಲಿ ಕಾಣಿಸುತ್ತದೆ. ಇದರಲ್ಲಿ ಮೋಸ ಇಲ್ಲ. ದೊಡ್ಡ ಕಂಪನಿಗಳು ತಮಗೆಂದೇ ಬೇರೆ ಅಚ್ಚು ಮಾಡಿಸುತ್ತವೆ.

ಉತ್ತರ, ಮಂಡ್ಯದಿಂದ

ನಮ್ಮ ಆಲೆಮನೆ ಹಾಗೇ ಅಲ್ವಾ. ಅಚ್ಚು ಆಲೆಮನೆಯವರದು, ಯಾರ ಕಬ್ಬು ಅರೆದರೂ ಬೆಲ್ಲದ ಆಕಾರ ಒಂದೇ. ‘ಕಾರ್ಖಾನೆ ಅಚ್ಚಿನ ಫ್ರೇಮು’ ಎನ್ನಿ. ಇನ್ನೊಂದಕ್ಕೆ ‘ಸ್ವಂತ ಅಚ್ಚಿನ ಫ್ರೇಮು’. ಅಚ್ಚು ಯಾರದು ಎಂಬುದೇ ತಾನೇ ವ್ಯತ್ಯಾಸ.

ಪ್ರಶ್ನೆ ಕೇಳಿದವರು

ಇದು ಸಿಕ್ಕಿತು. ಧನ್ಯವಾದ.

ಉತ್ತರ, ಧಾರವಾಡದಿಂದ

ಕಸ್ಟಮ್ ಬಿಲ್ಡಿಗೆ ಕಟ್ಟು ಸಾಕು. ಬಸ್ಸಿಗೆ ಬಾಡಿ ಕಟ್ಟುತ್ತಾರೆ. ಮನೆ ಕಟ್ಟುತ್ತಾರೆ. ಸೈಕಲ್ ಕಟ್ಟಿಕೊಡುತ್ತೇವೆ ಎನ್ನಿ. ಅಚ್ಚುಕಟ್ಟು ಎಂಬ ಪದದಲ್ಲೂ ಇದೇ ಕಟ್ಟು ಇದೆ, ಗಮನಿಸಿ.

ಉತ್ತರ, ಮೈಸೂರಿನಿಂದ

ಅಂಗಡಿಗಳಲ್ಲಿ ಫಿಟ್ಟಿಂಗ್ ಅನ್ನುತ್ತಾರೆ. ಡಬ್ಬದಲ್ಲಿ ಬಂದದ್ದನ್ನು ಫಿಟ್ಟಿಂಗ್ ಮಾಡಿಕೊಡುತ್ತಾರೆ. ಅದನ್ನು ಬಿಟ್ಟು ಇದೇನು?

ಪ್ರಶ್ನೆ ಕೇಳಿದವರು

ಫಿಟ್ಟಿಂಗ್ ಬೇಡ ಸಾರ್. ಈಗ ಸವಾರನ ಮೈ ಅಳತೆ ತೆಗೆದು ಸೀಟು, ಹ್ಯಾಂಡಲ್ಲು ಹೊಂದಿಸುವುದಕ್ಕೂ ಬೈಕ್ ಫಿಟ್ ಅನ್ನುತ್ತಾರೆ. ನಾವು ಎರಡೂ ಮಾಡುತ್ತೇವೆ, ಎರಡಕ್ಕೂ ಬೇರೆ ಬೇರೆ ದುಡ್ಡು. ‘ಅಳತೆಗೆ ಕಟ್ಟಿಕೊಡುವುದು’ ಚೆನ್ನಾಗಿದೆ. ಬಟ್ಟೆ ಹೊಲಿಸಿದವರಿಗೆಲ್ಲ ಅಳತೆ ಗೊತ್ತು.

ಇನ್ನು ಚೈನಾ. ದಯವಿಟ್ಟು ಇದಕ್ಕೆ ಉತ್ತರ ಕೊಡಿ, ಹೊತ್ತಾಗುತ್ತಿದೆ.

ಉತ್ತರ, ಶಿವಮೊಗ್ಗದಿಂದ

ಬರೆಯಲೇಬೇಡಿ. ‘ಹೊರನಾಡಿನ ಬಿಡಿಭಾಗ’ ಎನ್ನಿ.

ಪ್ರಶ್ನೆ ಕೇಳಿದವರು

ಅದು ಮುಚ್ಚಿಟ್ಟಂತೆ. ನಾನು ಮುಚ್ಚಿಡುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ದೊಡ್ಡ ಕಂಪನಿಯ ಸ್ಟಿಕರ್ ಅಂಟಿಸಿದ ನಕಲಿ ಫ್ರೇಮು ಬೇರೆ. ಚೀನಾದ ಝುಹಾಯ್‌ನ ಎಲ್‌ಟೂ ತನ್ನದೇ ಹೆಸರಲ್ಲಿ ಮಾರುವ ಗೇರು ಬೇರೆ. ಮೊದಲನೆಯದು ಕಳ್ಳತನ, ಮುರಿದರೆ ಕೇಳುವವರಿಲ್ಲ. ಎರಡನೆಯದು ಒಂದು ಕಂಪನಿಯ ಕೆಲಸ. ನಮ್ಮ ಜನ ಎರಡನ್ನೂ ‘ಚೈನಾ ಮಾಲ್’ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ನನಗೆ ಬೇಜಾರು ಅದಕ್ಕೇ.

ಉತ್ತರ, ಧಾರವಾಡದಿಂದ

ಉತ್ತರ ನಿಮ್ಮ ಮಾತಿನಲ್ಲೇ ಇದೆ. ಕನ್ನಡದಲ್ಲಿ ಈಗ ಎರಡು ಪದಗಳಿವೆ. ಚೀನಾ ಎಂಬುದು ದೇಶ, ಪತ್ರಿಕೆಯಲ್ಲಿ ಬರುವುದು ಅದು. ಚೈನಾ ಎಂಬುದು ಸಂತೆಯ ಪದ. ಚೈನಾ ಸೆಟ್ಟು, ಚೈನಾ ಪೀಸು. ಎರಡು ದಿನಕ್ಕೆ ಕೆಡುವುದೆಂಬ ಅರ್ಥ ಅದಕ್ಕೆ ಮೆತ್ತಿಕೊಂಡಿದೆ. ‘ಚೀನಾ’ ಎಂದು ಬರೆಯಿರಿ. ಒಂದು ಕಾಲದಲ್ಲಿ ಚೀನಾಂಬರ ಎಂದರೆ ಬೆಲೆಬಾಳುವ ರೇಷ್ಮೆ. ಕೀಳು ಅರ್ಥ ಬಂದದ್ದು ಇಂಗ್ಲಿಷಿನಿಂದ ತಂದ ಚೈನಾಕ್ಕೆ.

ಉತ್ತರ, ಶಿವಮೊಗ್ಗದಿಂದ

ನೋಡಿ. ಇಂಗ್ಲಿಷಿನಿಂದ ತಂದದ್ದು ಕೆಡಿಸುತ್ತದೆ ಎಂದು ನೀವೇ ಒಪ್ಪಿದಿರಿ.

ಉತ್ತರ, ಧಾರವಾಡದಿಂದ

ಒಪ್ಪಿಲ್ಲ. ಗೇರು, ಕಾರು, ಬಸ್ಸು ಯಾವುದೂ ಕೆಟ್ಟಿಲ್ಲ. ಕನ್ನಡ ಅವಕ್ಕೆ ಉಕಾರ ಹಚ್ಚಿ, ವಿಭಕ್ತಿ ಹಚ್ಚಿ ಮನೆಯೊಳಗೆ ಕರೆದುಕೊಂಡಿದೆ. ಗೇರಿನ, ಗೇರಿಗೆ ಎಂದಾಗ ನಿಮಗೆ ಇಂಗ್ಲಿಷ್ ಕೇಳಿಸುತ್ತದೆಯೇ? ಕಲಿಯದ ಮೆಕ್ಯಾನಿಕ್ಕೂ ಈ ಕೆಲಸ ತಪ್ಪಿಲ್ಲದೆ ಮಾಡುತ್ತಾನೆ. ನೀವು ಕೂತು ಮಾಡಿದ ತೂರಚ್ಚನ್ನು ಅವನು ಒಮ್ಮೆಯೂ ಬಾಯಿಗೆ ತರುವುದಿಲ್ಲ.

ಉತ್ತರ, ಶಿವಮೊಗ್ಗದಿಂದ

ತರುವಂತೆ ಮಾಡಬೇಕಾದವರು ನಾವು. ಎಲ್ಲರೂ ನಿಮ್ಮಂತೆ ಯೋಚಿಸಿದ್ದರೆ ಇಮೇಲಿಗೆ ಮಿಂಚಂಚೆ ಎಂಬ ಪದವೇ ಹುಟ್ಟುತ್ತಿರಲಿಲ್ಲ. ಅದನ್ನು ನಾನು ದಿನವೂ ಬಳಸುತ್ತೇನೆ. ಇನ್ನೂ ಬಳಸುತ್ತೇನೆ.

ಪ್ರಶ್ನೆ ಕೇಳಿದವರು

ಬೋರ್ಡಿನವರಿಗೆ ಕಳಿಸಿದ್ದು ಹೀಗಿದೆ:

ನಿಮ್ಮ ಅಳತೆಗೆ ಕಟ್ಟಿಕೊಡುವ ಗೇರ್ ಸೈಕಲ್
ರೇಸ್ ಸೈಕಲ್, ಮಣ್ಣುದಾರಿ ಸೈಕಲ್
ಚೀನಾ ಕಂಪನಿಗಳ ಅಸಲಿ ಭಾಗ. ನಕಲಿ ಸ್ಟಿಕರ್ ಇಲ್ಲ.

ಉತ್ತರ, ಶಿವಮೊಗ್ಗದಿಂದ

ಅಸಲಿ, ನಕಲಿ ಎರಡೂ ಅರಬ್ಬಿಯಿಂದ ಬಂದವು.

ಉತ್ತರ, ವಿಜಯಪುರದಿಂದ

ಸಾಲ ಮಾಡಿದವನಿಗೆ ಕೇಳಿ, ಅಸಲು ಯಾರ ಪದ ಎಂದು. ಬೋರ್ಡು ಚೆನ್ನಾಗಿದೆ ಅಕ್ಕಾರೇ. ಗರಸು ಸಿಗಲಿಲ್ಲ ಎಂಬ ಬೇಸರ ಮಾತ್ರ ಉಳಿಯಿತು.

ಪ್ರಶ್ನೆ ಕೇಳಿದವರು

ಗರಸು ಚೀಟಿಯಲ್ಲಿ ಬರುತ್ತದೆ: ‘ಗರಸು, ಮೊರಂ, ನಾಲೆ ಏರಿಯ ದಾರಿಗೆ 40 ಮಿ.ಮೀ. ಟೈರು.’ ಚೀಟಿಗೆ ಇನ್ನೊಂದು ಪದ ಬೇಕು. ಸೀಟಿನ ಕಾರ್ಬನ್ ಕಂಬಕ್ಕೆ ಅದರ ಮೇಲೆ ಬರೆದಿರುವ ಟಾರ್ಕಿಗಿಂತ (ಬೋಲ್ಟು ತಿರುಗಿಸುವ ಬಲಕ್ಕಿಂತ) ಜಾಸ್ತಿ ಕೊಡಬಾರದು. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ. ಜಾಸ್ತಿಯಾದರೆ ಕಾರ್ಬನ್ ಬಿರಿಯುತ್ತದೆ. ಟಾರ್ಕಿಗೆ ‘ಬಿಗಿ’ ಎಂದರೆ ಸಾಕೇ?

ಉತ್ತರ, ಶಿವಮೊಗ್ಗದಿಂದ

ಸಾಕು. ಆದರೆ ಅಂಕಿಯ ಪಕ್ಕದಲ್ಲಿ ‘ಬಿಗಿತ’ ಎನ್ನಿ. ಬಿಗಿ ಎಂದಷ್ಟೇ ಬರೆದರೆ ಬಿಗಿ ಮಾಡು ಎಂದು ಓದಿಕೊಂಡು ಇನ್ನೊಂದು ಸುತ್ತು ತಿರುಗಿಸುತ್ತಾರೆ.